ಜನ ಬೇಡವೆಂದ ಷರತ್ತಿಗೆ ಗೆದ್ದವರೇ ಸಹಿ ಹಾಕಿದ್ದೇಕೆ?

ಓದುಗರ ಪ್ರಶ್ನೆ: ಗ್ರೀಸಿನ ಜನ 2015ರಲ್ಲಿ ಸಾಲದ ಷರತ್ತುಗಳ ವಿರುದ್ಧ ಎರಡು ಬಾರಿ ಮತ ಹಾಕಿದರು. ಆದರೂ ಅವರು ಗೆಲ್ಲಿಸಿದ ಸರ್ಕಾರವೇ ಕೆಲವೇ ದಿನಗಳಲ್ಲಿ ಅಂಥದೇ ಷರತ್ತುಗಳನ್ನು ಒಪ್ಪಿಕೊಂಡಿತು. ಇದನ್ನು ದ್ರೋಹವೆನ್ನದೆ ಬೇರೇನೆನ್ನಬೇಕು?

ಉತ್ತರ: ಜುಲೈ ತಿಂಗಳ ಆ ಸಹಿಯೊಂದನ್ನೇ ನೋಡಿದರೆ ದ್ರೋಹವೆಂಬ ಮಾತು ಸಹಜವಾಗಿಯೇ ಬರುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ತಪ್ಪು ನಡೆದದ್ದು ಸಹಿ ಹಾಕಿದ ದಿನವಲ್ಲ, ಅದಕ್ಕೂ ಬಹಳ ಮೊದಲು, ಒಟ್ಟಿಗೆ ಉಳಿಸಿಕೊಳ್ಳಲಾಗದ ಎರಡು ಭರವಸೆಗಳನ್ನು ಒಂದೇ ಉಸಿರಿನಲ್ಲಿ ಕೊಟ್ಟಾಗ.

ಜನರ ಸಿಟ್ಟಿಗೆ ಕಾರಣವಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 2010ರ ಮೇ ತಿಂಗಳಲ್ಲಿ ಯೂರೋ ವಲಯದ ದೇಶಗಳು ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಸೇರಿ, ಸರ್ಕಾರಿ ವೆಚ್ಚ ಕಡಿತ ಮಾಡಬೇಕೆಂಬ ಷರತ್ತಿನ ಮೇಲೆ, ಗ್ರೀಸಿಗೆ 110 ಶತಕೋಟಿ ಯೂರೋಗಳ ಸಾಲ ಮಂಜೂರು ಮಾಡಿದವು. ಅದರಲ್ಲಿ ದೊಡ್ಡ ಪಾಲು ಹಳೆಯ ಸಾಲ ತೀರಿಸುವುದಕ್ಕೇ ಹೋಯಿತು, ಮತ್ತು ಆ ಹಳೆಯ ಸಾಲ ಕೊಟ್ಟವರಲ್ಲಿ ಫ್ರಾನ್ಸ್ ಹಾಗೂ ಜರ್ಮನಿಯ ಬ್ಯಾಂಕುಗಳಿದ್ದವು. ಖಾಸಗಿ ಸಾಲದಾತರು ತಮ್ಮ ಅಸಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಟ್ಟುಕೊಟ್ಟದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಗ್ರೀಸಿನ ಅರ್ಥವ್ಯವಸ್ಥೆ ಕುಸಿದುಹೋಗಿತ್ತು. ಬಿಕ್ಕಟ್ಟಿನ ಮೊದಲಿಗೆ ಹೋಲಿಸಿದರೆ ಒಟ್ಟು ಉತ್ಪನ್ನ ಸುಮಾರು ಕಾಲುಭಾಗ ಕರಗಿತು, ದುಡಿಯಬಯಸುವವರಲ್ಲಿ ನಾಲ್ವರಿಗೆ ಒಬ್ಬರಂತೆ ಕೆಲಸವಿಲ್ಲದೆ ಉಳಿದರು, ತಿಂಗಳಿಗೆ 751 ಯೂರೋ ಇದ್ದ ಕನಿಷ್ಠ ವೇತನವನ್ನು 2012ರಲ್ಲಿ 586ಕ್ಕೆ ಇಳಿಸಲಾಯಿತು. ವೆಚ್ಚ ಕಡಿತದಿಂದ ಆಗುವ ಹಾನಿಯನ್ನು ತಾನು ಕಡಿಮೆ ಅಂದಾಜು ಮಾಡಿದ್ದೆನೆಂದು ಐಎಂಎಫ್ ತಾನೇ 2013ರಲ್ಲಿ ಒಪ್ಪಿಕೊಂಡಿತು. ಅಂಥ ಅಂದಾಜಿನ ಬೆಲೆಯನ್ನು ಅಂದಾಜು ಮಾಡಿದವರು ತೆರಲಿಲ್ಲ, ಪಿಂಚಣಿದಾರರು ತೆತ್ತರು.

ಈ ಹಿನ್ನೆಲೆಯಲ್ಲಿ ಎಡಪಂಥೀಯ ಸಿರಿಜಾ ಪಕ್ಷ 2015ರ ಜನವರಿ 25ರಂದು ಶೇ 36ರಷ್ಟು ಮತ ಪಡೆದು 300 ಸ್ಥಾನಗಳ ಸಂಸತ್ತಿನಲ್ಲಿ 149ನ್ನು ಗೆದ್ದಿತು. ವೆಚ್ಚ ಕಡಿತದ ವಿರೋಧವೊಂದನ್ನು ಬಿಟ್ಟರೆ ಬೇರೆ ಯಾವುದರಲ್ಲೂ ತನ್ನೊಡನೆ ಹೊಂದಿಕೆಯಿಲ್ಲದ ಬಲಪಂಥೀಯ ಪಕ್ಷವೊಂದನ್ನು ಜೊತೆಗಿಟ್ಟುಕೊಂಡು ಅಲೆಕ್ಸಿಸ್ ಸಿಪ್ರಾಸ್ ಪ್ರಧಾನಿಯಾದರು. ಅವರ ಪಕ್ಷ ಹೇಳಿದ್ದು ಎರಡು ಮಾತು: ಸಾಲದಾತರ ಷರತ್ತುಗಳನ್ನು ಕೊನೆಗಾಣಿಸುತ್ತೇವೆ, ಯೂರೋ ನಾಣ್ಯವನ್ನು ಬಿಡುವುದಿಲ್ಲ. ಮತದಾರರಲ್ಲಿ ಬಹುಪಾಲು ಜನರೂ ಈ ಎರಡನ್ನೂ ಬಯಸಿದ್ದರು.

ತೊಡಕಿರುವುದು ಇಲ್ಲಿಯೇ. ಸ್ವಂತ ನಾಣ್ಯವಿರುವ ದೇಶದಲ್ಲಿ ಬ್ಯಾಂಕುಗಳಿಂದ ಜನ ಠೇವಣಿ ಹಿಂಪಡೆಯತೊಡಗಿದರೆ ಆ ದೇಶದ ಕೇಂದ್ರ ಬ್ಯಾಂಕು ನಗದು ಒದಗಿಸುತ್ತದೆ. ನಾಣ್ಯದ ಬೆಲೆ ಬೀಳಬಹುದು, ಹಣದುಬ್ಬರ ಏರಬಹುದು, ಆದರೆ ಬ್ಯಾಂಕಿನ ಬಾಗಿಲು ತೆರೆದಿರುತ್ತದೆ. ಗ್ರೀಸಿನಲ್ಲಿ ಆ ಅಧಿಕಾರವಿದ್ದದ್ದು ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿಯನ್ ಕೇಂದ್ರ ಬ್ಯಾಂಕಿನ ಕೈಯಲ್ಲಿ. ಚುನಾವಣೆ ಮುಗಿದು ಹತ್ತೇ ದಿನಕ್ಕೆ, ಫೆಬ್ರುವರಿ 4ರಂದು, ಆ ಬ್ಯಾಂಕು ಗ್ರೀಕ್ ಸರ್ಕಾರದ ಬಾಂಡುಗಳನ್ನು ಸಾಮಾನ್ಯ ಸಾಲಕ್ಕೆ ಒತ್ತೆಯಾಗಿ ಸ್ವೀಕರಿಸುವುದನ್ನು ನಿಲ್ಲಿಸಿತು. ಅಲ್ಲಿಂದ ಮುಂದೆ ಗ್ರೀಕ್ ಬ್ಯಾಂಕುಗಳು ಬದುಕಿದ್ದು ತುರ್ತು ನಗದು ನೆರವಿನ ಮೇಲೆ, ಮತ್ತು ಅದರ ಮಿತಿಯನ್ನು ಆಗಾಗ ಏರಿಸಬೇಕಾದವರು ಅದೇ ಫ್ರಾಂಕ್‌ಫರ್ಟಿನವರು. ಜೂನ್ ಕೊನೆಯಲ್ಲಿ ಮಾತುಕತೆ ಮುರಿದುಬಿದ್ದು ಸಿಪ್ರಾಸ್ ಜನಮತಗಣನೆ ಘೋಷಿಸಿದಾಗ ಮಿತಿಯನ್ನು ಏರಿಸದೆ ಇದ್ದಲ್ಲಿಯೇ ನಿಲ್ಲಿಸಲಾಯಿತು. ಮರುದಿನವೇ ಬ್ಯಾಂಕುಗಳು ಮುಚ್ಚಿದವು. ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ತೆಗೆಯಬಹುದೆಂಬ ನಿಯಮ ಬಂತು. ಜೂನ್ 30ರಂದು ಐಎಂಎಫ್‌ಗೆ ಕಟ್ಟಬೇಕಿದ್ದ ಸುಮಾರು 1.5 ಶತಕೋಟಿ ಯೂರೋ ಕಂತನ್ನು ಗ್ರೀಸ್ ಕಟ್ಟಲಿಲ್ಲ.

ಮುಚ್ಚಿದ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತಿದ್ದ ಜನರೇ ಜುಲೈ 5ರಂದು ಶೇ 61ಕ್ಕೂ ಹೆಚ್ಚು ಮತಗಳಿಂದ ಸಾಲದಾತರ ಪ್ರಸ್ತಾಪವನ್ನು ತಿರಸ್ಕರಿಸಿದರು. ಅದರ ಧೈರ್ಯವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ಮತದಿಂದ ಬ್ಯಾಂಕಿಗೆ ಒಂದು ಯೂರೋ ಕೂಡ ಬರುವಂತಿರಲಿಲ್ಲ. ಸ್ವಂತ ನಾಣ್ಯಕ್ಕೆ ಮರಳುವ ಸಿದ್ಧತೆಯೂ ಇರಲಿಲ್ಲ, ಅದಕ್ಕೆ ಜನಾದೇಶವೂ ಇರಲಿಲ್ಲ. ಮರುದಿನ ಹಣಕಾಸು ಸಚಿವ ಯಾನಿಸ್ ವರೂಫಾಕಿಸ್ ರಾಜೀನಾಮೆ ಕೊಟ್ಟರು. ಜುಲೈ 13ರ ಬೆಳಿಗ್ಗೆ, ರಾತ್ರಿಯಿಡೀ ನಡೆದ ಶೃಂಗಸಭೆಯ ಕೊನೆಯಲ್ಲಿ, ಸಿಪ್ರಾಸ್ ಮೂರನೆಯ ಸಾಲದ ಷರತ್ತುಗಳನ್ನು ಒಪ್ಪಿದರು. ಆ ಸಾಲದ ಮೊತ್ತ 86 ಶತಕೋಟಿ ಯೂರೋವರೆಗೆ ಇತ್ತು.

ಮೇಜಿನ ಆಚೆ ಬದಿಗೆ ಕುಳಿತವರಿಗೂ ಮತದಾರರಿದ್ದರು ಎಂಬುದು ಈ ಚರ್ಚೆಯಲ್ಲಿ ಮರೆಯಾಗುತ್ತದೆ. ಮೊದಲ ಸಾಲದ ಹೊತ್ತಿಗೇ, 2010ರ ಚುನಾವಣೆಯ ನಂತರ ಬಂದ ಸ್ಲೊವಾಕಿಯಾದ ಸರ್ಕಾರ, ತನಗಿಂತ ಶ್ರೀಮಂತ ದೇಶಕ್ಕೆ ತಾನೇಕೆ ಸಾಲ ಕೊಡಬೇಕೆಂದು ಕೇಳಿ ತನ್ನ ಪಾಲನ್ನು ಕೊಡಲು ನಿರಾಕರಿಸಿತ್ತು. ಒಂದು ದೇಶದ ಜನಾದೇಶ ಇನ್ನೊಂದು ದೇಶದ ಬೊಕ್ಕಸವನ್ನು ತೆರೆಸಲಾರದು.

ಹಾಗಾದರೆ ಸಾಲದಾತರನ್ನು ಹೊರಗೆ ಕಳಿಸಿದವರು ಯಾರೂ ಇಲ್ಲವೇ? ಇದ್ದಾರೆ. 2010ರಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಗೆದ್ದು ಪ್ರಧಾನಿಯಾದ ಹಂಗೆರಿಯ ವಿಕ್ಟರ್ ಓರ್ಬಾನ್ ಅದೇ ಜುಲೈಯಲ್ಲಿ ಐಎಂಎಫ್ ಜೊತೆಗಿನ ಮಾತುಕತೆ ಮುರಿಯಲು ಬಿಟ್ಟರು. ಬ್ಯಾಂಕುಗಳ ಮೇಲೆ ವಿಶೇಷ ತೆರಿಗೆ ಹಾಕಿ, ಜನರ ಕಡ್ಡಾಯ ಖಾಸಗಿ ಪಿಂಚಣಿ ನಿಧಿಗಳನ್ನು ಸರ್ಕಾರದ ವಶಕ್ಕೆ ತಂದು ಹಣ ಹೊಂದಿಸಿದರು. ಮುಂದಿನ ವರ್ಷ ಫೋರಿಂಟ್ ನಾಣ್ಯ ಕುಸಿದಾಗ ಮತ್ತೆ ಐಎಂಎಫ್ ಬಾಗಿಲು ತಟ್ಟಿದ್ದೂ ನಿಜ. ಆದರೆ ಒಪ್ಪಂದಕ್ಕೆ ಬರದೆ, ಹಂಗೆರಿ ಐಎಂಎಫ್‌ನಿಂದ ಮೊದಲೇ ಪಡೆದಿದ್ದ ಸಾಲವನ್ನು 2013ರಲ್ಲಿ ಅವಧಿಗೆ ಮೊದಲೇ ತೀರಿಸಿದರು. ಅರ್ಜೆಂಟೀನಾದ ಅಧ್ಯಕ್ಷರಾಗಿದ್ದ ನೆಸ್ಟರ್ ಕಿರ್ಚ್ನರ್ ಕೂಡ ರಫ್ತಿನ ಆದಾಯ ತುಂಬಿದ್ದ ಕಾಲದಲ್ಲಿ, 2006ರ ಜನವರಿಯಲ್ಲಿ, ಐಎಂಎಫ್‌ನ ಸುಮಾರು 9.8 ಶತಕೋಟಿ ಡಾಲರ್ ಬಾಕಿಯನ್ನು ಒಂದೇ ಗಂಟಿನಲ್ಲಿ ಕಟ್ಟಿದರು. ಇಬ್ಬರಿಗೂ ಸ್ವಂತ ನಾಣ್ಯವಿತ್ತು, ಕೈಗೆಟಕುವ ಹಣದ ಮೂಲವಿತ್ತು. ಅದೇ ಅರ್ಜೆಂಟೀನಾ 2018ರಲ್ಲಿ ಐಎಂಎಫ್‌ನ ಚರಿತ್ರೆಯಲ್ಲೇ ಅತಿ ದೊಡ್ಡ ಸಾಲಕ್ಕೆ ಕೈಚಾಚಬೇಕಾಯಿತು.

ಗ್ರೀಕರು ಸಿಪ್ರಾಸ್ ಅವರ ಸಹಿಯನ್ನು ದ್ರೋಹವೆಂದರೇ? ಕೆಲವರು ಅಂದರು. ಸಿರಿಜಾದ 25 ಮಂದಿ ಸಂಸದರು ಒಡೆದು ಹೊರಬಂದು, ಜನಮತಗಣನೆಯ ತೀರ್ಪಿಗೆ ನಿಷ್ಠವಾದ ಹೊಸ ಪಕ್ಷ ಕಟ್ಟಿದರು. ಸೆಪ್ಟೆಂಬರಿನ ಮರುಚುನಾವಣೆಯಲ್ಲಿ ಅವರಿಗೆ ಸಂಸತ್ತು ಪ್ರವೇಶಿಸಲು ಬೇಕಾದ ಶೇ 3ರಷ್ಟು ಮತವೂ ಬರಲಿಲ್ಲ; ಸಿಪ್ರಾಸ್ ಶೇ 35ಕ್ಕೂ ಹೆಚ್ಚು ಮತ ಪಡೆದು ಮತ್ತೆ ಪ್ರಧಾನಿಯಾದರು. ಇದನ್ನು ಕ್ಷಮೆಯೆಂದು ನಾನು ಓದುವುದಿಲ್ಲ, ಮತದಾನದ ಪ್ರಮಾಣವೂ ಆ ಬಾರಿ ಬಿದ್ದಿತ್ತು. ಸಾಲದ ಅವಧಿಯನ್ನು ವಿಸ್ತರಿಸಬೇಕೆಂಬ ಬೇಡಿಕೆ ಕೊನೆಗೂ 2018ರ ಜೂನ್‌ನಲ್ಲಿ ಒಂದಷ್ಟು ಈಡೇರಿತು: 2012ರಲ್ಲಿ ಮಂಜೂರಾಗಿದ್ದ ಎರಡನೆಯ ಸಾಲದ ಬಹುಭಾಗದ ಮರುಪಾವತಿಯನ್ನು ಹತ್ತು ವರ್ಷ ಮುಂದೂಡಲಾಯಿತು. ಮರುವರ್ಷದ ಜುಲೈಯಲ್ಲಿ ಸಿರಿಜಾ ಚುನಾವಣೆ ಸೋತಿತು; ಹಣ ಸಾಗಿಸುವುದರ ಮೇಲಿದ್ದ ಕೊನೆಯ ನಿರ್ಬಂಧಗಳು ಸೆಪ್ಟೆಂಬರಿನಲ್ಲಿ, ಅದರ ಸರ್ಕಾರ ಹೋದ ಮೇಲೆ, ತೆರವಾದವು.