ಗಾಜು ಒಡೆಯುತ್ತದೆ, ಆದರೂ ಗಡಸು

"ಗಾಜು ಕೆಳಗೆ ಬಿದ್ದರೆ ಒಡೆಯುತ್ತದೆ, ಆದ್ದರಿಂದ ಅದು ಗಡಸು ವಸ್ತುವಲ್ಲ." ಆರನೇ ಇಯತ್ತೆಯ ಮಕ್ಕಳ ವಿಜ್ಞಾನದ ವಹಿಯಲ್ಲಿ ಈ ವಾಕ್ಯ ಕಂಡಾಗ ನನಗೆ ಮಗುವಿನ ಮೇಲೆ ಸಿಟ್ಟು ಬರುವುದಿಲ್ಲ. ಅದರ ಮುಂದೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದ ದೊಡ್ಡವರ ಮೇಲೆ ಬರುತ್ತದೆ.

ಬಾಗಲಕೋಟೆ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುವುದು ನನ್ನ ಕೆಲಸ. ವಿದ್ಯುತ್ತು, ಬೆಳಕು ಅಂದರೆ ಎಲ್ಲರೂ ಎಚ್ಚರದಿಂದ ಕೂಡುತ್ತಾರೆ. ವಸ್ತುಗಳನ್ನು ಗುಣ ನೋಡಿ ಗುಂಪು ಮಾಡುವ ಪಾಠ ಬಂದರೆ "ಇದೇನ್ರಿ ಸರ, ಹತ್ತು ನಿಮಿಷದ್ದು" ಅನ್ನುತ್ತಾರೆ. ಹಲಗೆಯ ಮೇಲೆ ಎರಡು ಕಾಲಂ ಎಳೆಯುವುದು, ಕಲ್ಲು, ಕಬ್ಬಿಣ, ಕಟ್ಟಿಗೆಯನ್ನು ಎಡಕ್ಕೆ ಬರೆಯುವುದು, ಹತ್ತಿ, ಸ್ಪಂಜು, ಮೇಣವನ್ನು ಬಲಕ್ಕೆ ಬರೆಯುವುದು. ಹುಡುಗರು ಇಳಿಸಿಕೊಂಡರೆ ಪಾಠ ಮುಗಿಯಿತು. ಒಂದು ಮಗುವಿನ ಕೈಗೂ ಒಂದು ಕಲ್ಲು ಸಿಕ್ಕಿರುವುದಿಲ್ಲ. ನೀರಿನಲ್ಲಿ ಕರಗುವುದು, ತೇಲುವುದು, ಬೆಳಕನ್ನು ಹಾಯಿಸುವುದು, ಇವನ್ನು ಹೆಚ್ಚಿನವರು ಬಕೆಟ್ಟು, ಟಾರ್ಚು ಇಟ್ಟು ಮಾಡಿಸುತ್ತಾರೆ. ಗಡಸುತನ ಒಂದನ್ನು ಮಾತ್ರ ಬಾಯಿಪಾಠ ಮಾಡಿಸುತ್ತಾರೆ.

ಹಾಗಾಗಿ ಇಲ್ಲಿ ಅದೊಂದನ್ನೇ ಹಿಡಿದು ಕೂಡುತ್ತೇನೆ. ಒಂದು ವಸ್ತುವಿಗೆ ಮತ್ತೊಂದರಿಂದ ಗೀರು ಬೀಳುತ್ತದೆಯೇ ಎನ್ನುವುದು ಒಂದು ಪ್ರಶ್ನೆ. ಪೆಟ್ಟು ಬಿದ್ದರೆ ಒಡೆಯುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಎತ್ತಿದರೆ ಭಾರವೇ ಎನ್ನುವುದು ಮೂರನೆಯದು. ಗಡಸು ಅಥವಾ ಮೃದು ಎಂದು ಹೇಳಲು ನಮಗೆ ಬೇಕಾದದ್ದು ಮೊದಲನೆಯ ಪ್ರಶ್ನೆಯ ಉತ್ತರ. ಗಾಜಿಗೆ ಸಾಮಾನ್ಯ ಕಬ್ಬಿಣದ ಮೊಳೆಯಿಂದ ಗೀರು ಬೀಳುವುದಿಲ್ಲ, ಆದ್ದರಿಂದ ಗಾಜು ಮೊಳೆಗಿಂತ ಗಡಸು. ಅದೇ ಗಾಜು ಬಿದ್ದರೆ ಚೂರಾಗುತ್ತದೆ, ಆದ್ದರಿಂದ ಅದು ಭಿದುರ. ಎರಡೂ ಸತ್ಯ, ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಸೀಸದ ತುಂಡನ್ನು ಸುತ್ತಿಗೆಯಿಂದ ಬಡಿದರೆ ಚಪ್ಪಟೆಯಾಗುತ್ತದೆಯೇ ಹೊರತು ಚೂರಾಗುವುದಿಲ್ಲ, ಕೈಯಲ್ಲಿ ಹಿಡಿದರೆ ಬಲು ಭಾರ, ಆದರೂ ಉಗುರಿನಿಂದಲೇ ಗೀರಬಹುದಾದಷ್ಟು ಮೃದು. (ಸೀಸ ವಿಷ. ಇದನ್ನು ಮಕ್ಕಳ ಕೈಗೆ ಕೊಡಬೇಡಿ, ಹೇಳಿದರೆ ಸಾಕು.)

ಇಳಕಲ್ಲಿನ ಒಬ್ಬ ತಂದೆ ಮಗಳ ಉತ್ತರಪತ್ರಿಕೆ ಹಿಡಿದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಹುಡುಗಿ ಗಾಜು ಗಡಸು ಎಂದು ಬರೆದಿದ್ದಳು, ಶಾಲೆಯಲ್ಲಿ ಅಂಕ ಕಡಿದಿದ್ದರು. ತಂದೆಯೂ ಶಾಲೆಯ ಪರವೇ ಇದ್ದರು.

"ಬಿದ್ರ ಚೂರಾಕ್ಕೈತಿ, ಅದ್ಹೆಂಗ ಗಟ್ಟಿ ಆಕ್ಕೈತ್ರಿ ಸರ? ಈಕಿ ಕೇಳವಲ್ಲಳು, ನೀವ ಹೇಳ್ರಿ."

ಅವರು ಗ್ರಾನೈಟ್ ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುವವರು ಎಂದು ಗೊತ್ತಾಯಿತು. "ಸ್ಲ್ಯಾಬ್ ಕೈ ಜಾರಿ ಬಿದ್ರ ಏನಾಕ್ಕೈತ್ರಿ?" ಎಂದು ಕೇಳಿದೆ.

"ತುಂಡಾಕ್ಕೈತ್ರಿ."

"ಹಂಗಾರ ಗ್ರಾನೈಟ್ ಮೆತ್ತಗನ್ರಿ?"

ಅವರು ಒಂದು ಗಳಿಗೆ ಸುಮ್ಮನಿದ್ದು ಮಗಳ ಕಡೆ ನೋಡಿದರು. "ಮೆತ್ತಗಿದ್ರ ಅದನ್ನ ಕೊಯ್ಯಾಕ ವಜ್ರದ ಬ್ಲೇಡ್ ಯಾಕ ಬೇಕಾಕ್ಕಿತ್ರಿ ಸರ!"

ಆಮೇಲೆ ಅವರೇ ನನಗೆ ಪಾಠ ಹೇಳಿದರು. ಬ್ಲೇಡಿನ ಅಂಚಿನ ತುಂಡುಗಳಲ್ಲಿ ವಜ್ರದ ಕಣ ಕೂಡಿಸಿರುತ್ತಾರೆ, ಪಾಲಿಶ್ ಮಾಡುವಾಗ ದಪ್ಪ ಪುಡಿಯಿಂದ ಸುರು ಮಾಡಿ ಸಣ್ಣದಕ್ಕೆ ಬರುತ್ತಾರೆ, ಪ್ರತಿ ಹಂತದಲ್ಲೂ ಹಿಂದಿನ ಗೀರನ್ನು ಅಳಿಸುವುದೇ ಕೆಲಸ. ಗಡಸುತನ ಎಂದರೆ ಏನೆಂದು ಅವರ ಕೈಗೆ ಗೊತ್ತಿತ್ತು. ಪರೀಕ್ಷೆಯ ಪ್ರಶ್ನೆ ಅದನ್ನೇ ಕೇಳುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಂಥವರನ್ನು ತರಗತಿಗೆ ಕರೆದು ಒಂದು ತಾಸು ಮಾತಾಡಿಸಿ ಎಂದು ನಾನು ಶಿಕ್ಷಕರಿಗೆ ಹೇಳುತ್ತಲೇ ಇರುತ್ತೇನೆ.

ವಿಜ್ಞಾನದಲ್ಲೂ ಗಡಸುತನವನ್ನು ಹೀಗೆ ಗೀರಿ ನೋಡಿಯೇ ಸಾಲು ಹಚ್ಚಿದ್ದು. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಹತ್ತು ಖನಿಜಗಳನ್ನು ಆರಿಸಿ, ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡಿ ಕ್ರಮ ಕೊಟ್ಟರು. ಬಳಪದ ಕಲ್ಲನ್ನು ಮೆತ್ತಗೆ ಮಾಡುವ ಟಾಲ್ಕ್ 1, ಜಿಪ್ಸಂ 2, ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸೈಟ್ 3, ಸ್ಫಟಿಕ ಅಂದರೆ ಕ್ವಾರ್ಟ್ಜ್ 7, ವಜ್ರ 10. ನಮ್ಮ ಬೆರಳಿನ ಉಗುರು ಸುಮಾರು 2.5, ಕಿಟಕಿಯ ಗಾಜು ಸುಮಾರು 5.5. ಇವು ಅಳತೆಯಲ್ಲ, ಸಾಲಿನಲ್ಲಿ ನಿಂತ ಸ್ಥಾನ ಮಾತ್ರ. ಹತ್ತನೆಯದು ಒಂಬತ್ತನೆಯದಕ್ಕಿಂತ ಹಲವು ಪಟ್ಟು ಗಡಸು. ಈ ಅಂಕಿಗಳನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿದರೆ ಮತ್ತೆ ಅದೇ ರೋಗ, ದಯವಿಟ್ಟು ಬೇಡ. ಅವರಿಗೆ ತಿಳಿಯಬೇಕಾದದ್ದು "ಯಾವುದಕ್ಕಿಂತ?" ಎಂದು ಕೇಳುವುದು. ಬರೀ ಗಡಸು ಎಂಬ ಉತ್ತರ ಅರ್ಧ ಉತ್ತರ.

'ಕಲ್ಲು' ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವುದು ನಮ್ಮ ಜಿಲ್ಲೆಯಲ್ಲಂತೂ ಅನ್ಯಾಯ. ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗ್ರಾನೈಟು, ಲೋಕಾಪುರದ ಕಡೆಯ ಸುಣ್ಣದ ಕಲ್ಲು, ಪಕ್ಕದ ವಿಜಯಪುರದಲ್ಲಿ ಗೋಳಗುಮ್ಮಟ ಕಟ್ಟಿದ ಕಪ್ಪು ಬಸಾಲ್ಟು, ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಫರಸಿ. ಒಂದೊಂದರ ಅಂಗೈಯಗಲ ತುಂಡು, ಒಂದು ಕಬ್ಬಿಣದ ಮೊಳೆ, ಇಷ್ಟಿದ್ದರೆ ಪಾಠ ತಾನಾಗಿ ನಡೆಯುತ್ತದೆ. ಫರಸಿಯ ಮೇಲೆ ಮೊಳೆ ಎಳೆದರೆ ಬಿಳಿ ಪುಡಿ ಉದುರಿ ಗೀರು ನಿಲ್ಲುತ್ತದೆ, ಏಕೆಂದರೆ ಅದೂ ಸುಣ್ಣದ ಕಲ್ಲೇ. ಗ್ರಾನೈಟಿನ ಮೇಲೆ ಎಳೆದರೆ ಬೂದು ಬಣ್ಣದ ಗೆರೆ ಮೂಡುತ್ತದೆ.

ಆ ಬೂದು ಗೆರೆಯ ಹತ್ತಿರ ಶಿಕ್ಷಕರೇ ದಾರಿ ತಪ್ಪುತ್ತಾರೆ. "ನೋಡ್ರಿ, ಗ್ರಾನೈಟಿಗೂ ಗೀರು ಬಿತ್ತು" ಎನ್ನುತ್ತಾರೆ. ಬಿದ್ದಿಲ್ಲ. ಒದ್ದೆ ಬಟ್ಟೆಯಿಂದ ಉಜ್ಜಿ, ಬೆರಳಾಡಿಸಿ ನೋಡಿ. ಗೆರೆ ಅಳಿಸಿ ಹೋದರೆ, ಬೆರಳಿಗೆ ತಗ್ಗು ಸಿಗದಿದ್ದರೆ, ಸವೆದದ್ದು ಕಲ್ಲಲ್ಲ, ಮೊಳೆ. ಕಲ್ಲಿನ ಮೇಲೆ ಉಳಿದದ್ದು ಕಬ್ಬಿಣದ ಪುಡಿ. ಪತ್ತಾರರು ಒರೆಗಲ್ಲಿಗೆ ಬಂಗಾರ ತಿಕ್ಕಿದಾಗ ಮೂಡುವ ಹಳದಿ ಗೆರೆ ಬಂಗಾರದ್ದೇ ಹೊರತು ಕಲ್ಲಿನದ್ದಲ್ಲ, ಇದೂ ಹಾಗೆಯೇ. ಉಜ್ಜಿ ನೋಡದೆ ಬರೆದ ಉತ್ತರ ಸಂಪೂರ್ಣ ಉಲ್ಟಾ ಆಗುತ್ತದೆ: ಗೆದ್ದವರನ್ನು ಸೋತವರೆಂದು ಬರೆದಂತೆ. ಆದ್ದರಿಂದ ಮೊದಲು ಗೀರಿ, ಆಮೇಲೆ ಉಜ್ಜಿ, ಕೊನೆಗೆ ಬರೆಯಿರಿ. ಈ ಕ್ರಮ ತಪ್ಪಬಾರದು.

ಇನ್ನೂ ಒಂದು ಎಚ್ಚರಿಕೆ ಮರಳುಗಲ್ಲಿನದು. ಮಳೆ ಬಿಸಿಲಿಗೆ ಸಡಿಲಾದ ತುಂಡಿನ ಮೇಲೆ ಮೊಳೆ ಎಳೆದರೆ ಕಣಗಳು ಉದುರಿ ತಗ್ಗು ಬೀಳುತ್ತದೆ, ಮಕ್ಕಳು ಮೃದು ಎನ್ನುತ್ತಾರೆ. ಉದುರಿದ ಆ ಕಣಗಳನ್ನೇ ಮೊಳೆಗೆ ತಿಕ್ಕಿಸಿ ನೋಡಿ, ಮೊಳೆಯ ಮೇಲೆ ಗೀರು ಬೀಳುತ್ತದೆ, ಏಕೆಂದರೆ ಅವು ಹೆಚ್ಚಾಗಿ ಕ್ವಾರ್ಟ್ಜ್. ಕಣ ಗಡಸು, ಕಣಗಳನ್ನು ಹಿಡಿದಿಟ್ಟ ಬಂಧ ಸಡಿಲು. ಎಲ್ಲ ಮರಳುಗಲ್ಲೂ ಹೀಗಿರುವುದಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇವತ್ತಿಗೂ ಓದಲು ಸಿಗುವುದು ಮರಳುಗಲ್ಲಿನ ಬಂಡೆಯಲ್ಲೇ. ಆದ್ದರಿಂದ ಒಂದೇ ತುಂಡು ನೋಡಿ ತೀರ್ಪು ಕೊಡಬೇಡಿ, ಹವೆಗೆ ಸವೆಯದ ಹೊಸ ಮುಖದ ಮೇಲೆ ಗೀರಿಸಿ. ಸ್ಮಾರಕಗಳ ಕಲ್ಲಿಗೆ ಮೊಳೆ ತಾಗಿಸುವುದಂತೂ ಅಪರಾಧ, ಇದನ್ನು ಮಕ್ಕಳಿಗೆ ಮೊದಲೇ ಹೇಳಿ.

'ಕಟ್ಟಿಗೆ' ಕೂಡ ಹೀಗೆಯೇ. ನುಗ್ಗೆಯ ತುಂಡಿಗೆ ಉಗುರು ಇಳಿಯುತ್ತದೆ, ಒಣಗಿದ ಜಾಲಿಗೆ ಇಳಿಯುವುದಿಲ್ಲ. ಗಳೆ ಸಾಮಾನಿಗೆ ಜಾಲಿ ಬೇಕು, ನುಗ್ಗೆ ಬೇಡ ಎಂದು ರೈತರ ಮಕ್ಕಳು ಶಾಲೆಗೆ ಬರುವ ಮೊದಲೇ ಕಲಿತಿರುತ್ತಾರೆ. ತಿಳಿದ ಆ ಮಗುವೇ ವಹಿಯಲ್ಲಿ "ಕಟ್ಟಿಗೆ: ಗಡಸು" ಎಂದು ಒಂದೇ ಮಾತು ಬರೆಯುವುದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ಹೊಳಪಿನ ಬಗ್ಗೆ ಎರಡೇ ಮಾತು. ಹೊಳೆಯುವುದೆಲ್ಲ ಲೋಹವಲ್ಲ ಎನ್ನಲು ಇಳಕಲ್ ಸೀರೆಯ ರೇಷ್ಮೆ ಸೆರಗನ್ನೇ ತೋರಿಸಬಹುದು, ಅದೇ ಸೀರೆಯ ಹತ್ತಿ ಒಡಲು ಹೊಳೆಯುವುದಿಲ್ಲ. ಒಂದೇ ಸೀರೆ, ಎರಡು ವಸ್ತು, ಎರಡು ಗುಂಪು. ಮಬ್ಬಾದ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಆಮೇಲೆ ಗುಂಪು ಮಾಡಿಸಿ.

ಪಾಲಕರಿಗೆ ನನ್ನ ವಿನಂತಿ, ಗೈಡಿನ ಕೋಷ್ಟಕಕ್ಕೆ ಮಗುವಿನ ಉತ್ತರ ಹೊಂದಲಿಲ್ಲ ಎಂದು ಗದರಿಸಬೇಡಿ. "ಹೆಂಗ ಗೊತ್ತಾತು?" ಎಂದು ಕೇಳಿ. "ಮೊಳೆಯಿಂದ ಗೀರಿದೆ, ಬೀಳಲಿಲ್ಲ" ಎಂದರೆ ಆ ಉತ್ತರ ನಿಲ್ಲುತ್ತದೆ. ಶಿಕ್ಷಕರಿಗೂ ಅಷ್ಟೇ: ಪ್ರಶ್ನೆ ತೆಗೆಯುವಾಗ "ಕೆಳಗಿನವುಗಳನ್ನು ಗಡಸು, ಮೃದು ಎಂದು ವಿಂಗಡಿಸಿ" ಎನ್ನುವ ಬದಲು "ಕಬ್ಬಿಣದ ಮೊಳೆಯಿಂದ ಗೀರು ಬೀಳುವವು, ಬೀಳದವು ಎಂದು ವಿಂಗಡಿಸಿ" ಎಂದು ಬರೆಯಿರಿ, ಪ್ರಶ್ನೆಯಲ್ಲಿ ಕೊಟ್ಟ ವಸ್ತುಗಳನ್ನು ಮಕ್ಕಳು ಒಮ್ಮೆಯಾದರೂ ಮುಟ್ಟಿ ಗೀರಿರಲಿ. ಗೀರಿ ನೋಡಲು ಇಡುವ ಗಾಜು ದಪ್ಪ ಬಾಟಲಿಯ ಇಡೀ ತಳವಿರಲಿ, ಚೂರು ಬೇಡ. ಮೊಳೆ ಉದ್ದದ್ದಿರಲಿ, ತುಕ್ಕು ಹಿಡಿದದ್ದು ಬೇಡ, ಗೀರುವಾಗ ಮೊನೆ ಮಗುವಿನ ಮೈಯಿಂದ ಹೊರಕ್ಕೆ ಸಾಗಲಿ.