ಸಂಬಳ ಜಾಸ್ತಿ ಆಯ್ತು ಅಂತ ಇಎಸ್‌ಐ ಕಾರ್ಡ್ ಬಿಸಾಕಬೇಡಿ

ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ, ತಿಂಗಳ ಸಂಬಳ 21 ಸಾವಿರದವರೆಗೆ ಇರುವವರಿಗೆ. ಕಾರ್ಮಿಕ, ಮಾಲೀಕ ಇಬ್ಬರೂ ಹಣ ಕಟ್ಟುತ್ತಾರೆ. ಏಪ್ರಿಲ್ ಮತ್ತು ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆ. "ಸಾರ್, ನಮ್ಮ ಹುಡುಗನ ಸಂಬಳ 21 ಸಾವಿರ ದಾಟಿದೆ, ಇಎಸ್‌ಐಯಿಂದ ತೆಗೆದುಬಿಡಿ." ತೆಗೆಯುವುದು ದೊಡ್ಡ ಕೆಲಸವೇನಲ್ಲ. ತಿಂಗಳ ಹಣದ ಚಲನ್ ಹಾಕುವಾಗ ಇಎಸ್‌ಐ ಪೋರ್ಟಲ್‌ನಲ್ಲಿ 'ಔಟ್ ಆಫ್ ಕವರೇಜ್' ಅನ್ನುವ ಕಾರಣ ಆರಿಸಿದರೆ ಮುಗಿಯಿತು. ಆಮೇಲೆ ಮಾಲೀಕರು ಆ ಹುಡುಗನನ್ನು ಕರೆದು ಒಂದು ಮಾತು ಹೇಳುತ್ತಾರಲ್ಲ, ನನಗೆ ಕೋಪ ಬರುವುದು ಅಲ್ಲಿ. "ಇವತ್ತಿಂದ ನಿಂಗೆ ಇಎಸ್‌ಐ ಇಲ್ಲ ಕಣಪ್ಪ. ಇನ್ಮೇಲೆ ಆಸ್ಪತ್ರೆ ಖರ್ಚು ನಿಂದೇ."

ಇದು ತಪ್ಪು. ಹಣ ಕಟ್ಟುವುದು ನಿಂತ ದಿನವೇ ಸೌಲಭ್ಯ ನಿಲ್ಲುವುದಿಲ್ಲ. ಸಣ್ಣ ಕಾರ್ಖಾನೆಗಳ ಪಿಎಫ್, ಇಎಸ್‌ಐ ಲೆಕ್ಕ ನೋಡಿಕೊಳ್ಳುವುದೇ ನನ್ನ ಕಸುಬು. ಇದೊಂದು ವಿಷಯವನ್ನು ಹೇಳಿದಷ್ಟು ಬೇರೆ ಯಾವುದನ್ನೂ ಹೇಳಿಲ್ಲ. ಆದರೂ ಪದವಿ ಓದಿದ ಎಚ್‌ಆರ್‌ಗಳೂ ಇದರಲ್ಲೇ ಎಡವುತ್ತಾರೆ.

ಇಎಸ್‌ಐ ವರ್ಷವನ್ನು ಎರಡು ಭಾಗ ಮಾಡುತ್ತದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಇವು ಹಣ ಕಟ್ಟುವ ಅವಧಿಗಳು. ಕಟ್ಟಿದ್ದರ ಫಲ ಸಿಗುವ ಅವಧಿ ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈ 1ರಿಂದ ಡಿಸೆಂಬರ್ 31ರವರೆಗೆ. ನಡುವೆ ಮೂರು ತಿಂಗಳ ಅಂತರ. ಸಂಬಳದ ಲೆಕ್ಕವೆಲ್ಲ ಕಾಗದದಲ್ಲಿ ಬರುತ್ತಿದ್ದ ಕಾಲದ ಏರ್ಪಾಡು ಇದು. ಕಾಯ್ದೆ ಆಗಿದ್ದು 1948ರಲ್ಲಿ, ಯೋಜನೆ ಶುರುವಾಗಿದ್ದು 1952ರ ಫೆಬ್ರುವರಿ 24ರಂದು, ಕಾನ್ಪುರ ಮತ್ತು ದೆಹಲಿಯಲ್ಲಿ. ಈಗ ಎಲ್ಲ ಆನ್‌ಲೈನ್ ಆಗಿದೆ, ಆ ಮೂರು ತಿಂಗಳು ಮಾತ್ರ ಹಾಗೇ ಉಳಿದಿದೆ.

ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಆಪರೇಟರ್ ಒಬ್ಬನಿಗೆ ಜೂನ್‌ನಲ್ಲಿ ಸಂಬಳ 22,500 ಆಯಿತು. ಅವಧಿಯ ಮಧ್ಯೆ 21 ಸಾವಿರ ದಾಟಿದರೆ ಆ ಅವಧಿ ಮುಗಿಯುವವರೆಗೆ ಕಟ್ಟಲೇಬೇಕು, ಅದೂ ಹೊಸ ಸಂಬಳದ ಮೇಲೆ. ಹಾಗಾಗಿ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 169 ರೂಪಾಯಿ ಕಟ್ ಆಯಿತು. "ದಾಟಿದ ಮೇಲೂ ಯಾಕೆ ಹಿಡಿತೀರ?" ಅಂತ ಅವನು ಗೊಣಗಿದ. ಅಕ್ಟೋಬರ್‌ನಲ್ಲಿ ಹೊರಗೆ ಬಂದ. ಫೆಬ್ರುವರಿಯಲ್ಲಿ ಹೆಂಡತಿಗೆ ಹೆರಿಗೆ. ಖಾಸಗಿ ನರ್ಸಿಂಗ್ ಹೋಮ್, ಸಿಸೇರಿಯನ್, ಚೀಟಿ ಹಣ ಎತ್ತಿ ಬಿಲ್ ಕಟ್ಟಿದ. ನನಗೆ ಗೊತ್ತಾಗಿದ್ದು ಮಾರ್ಚ್‌ನಲ್ಲಿ, ಅವನು ಪಿಎಫ್ ಅಡ್ವಾನ್ಸ್ ಕೇಳಿಕೊಂಡು ಬಂದಾಗ.

ಅವನ ಲೆಕ್ಕ ನೋಡಿ. ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದ, ಅದು ಡಿಸೆಂಬರ್ 31ರವರೆಗೆ ರಕ್ಷಣೆ ಕೊಡುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೂ ಕಟ್ಟಿದ್ದ, ಅದು ಜನವರಿ 1ಕ್ಕೆ ಶುರುವಾಗಿ ಜೂನ್ 30ರವರೆಗೆ ರಕ್ಷಣೆ ಕೊಡುತ್ತದೆ. ನಡುವೆ ಒಂದು ದಿನವೂ ಖಾಲಿ ಇಲ್ಲ. ಅಂದರೆ ಫೆಬ್ರುವರಿಯಲ್ಲಿ ಅವನಿಗೂ ಅವನ ಮನೆಯವರಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಹಕ್ಕು ಇತ್ತು. ಷರತ್ತು ಒಂದೇ, ಆಯಾ ಅವಧಿಯಲ್ಲಿ ಕನಿಷ್ಠ 78 ದಿನದ ಸಂಬಳಕ್ಕೆ ಹಣ ಕಟ್ಟಿರಬೇಕು. ಅವನದು ಎರಡು ಅವಧಿಯಲ್ಲೂ ಅದಕ್ಕಿಂತ ಎಷ್ಟೋ ಜಾಸ್ತಿ. ಹೆರಿಗೆ ಆಗಿ ತಿಂಗಳ ಮೇಲೆ, ಬಿಲ್ ಎಲ್ಲ ಕಟ್ಟಿ ಮುಗಿದ ಮೇಲೆ ನಾನು ಇದನ್ನು ವಿವರಿಸಿದೆ. ಪಾಪ, ಏನು ಮಾಡಿಯಾನು? ತುರ್ತು ಸಂದರ್ಭ ಬಿಟ್ಟರೆ, ಇಎಸ್‌ಐ ಡಾಕ್ಟರ್ ಬರೆದುಕೊಟ್ಟ ರೆಫರಲ್ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗಿ ಬಿಲ್ ತಂದು ಹಣ ವಾಪಸ್ ಕೇಳಿದರೆ ಸಿಗುವುದು ಬಹಳ ಕಷ್ಟ.

ಕೆಲಸ ಬಿಟ್ಟವರಿಗೂ ಚಿಕಿತ್ಸೆಯ ಮಟ್ಟಿಗೆ ಇದೇ ಲೆಕ್ಕ. ಅದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ.

ಇದೇ ತಾರೀಖುಗಳು ಉಲ್ಟಾ ಕೆಲಸ ಮಾಡುವುದೂ ಉಂಟು. ಕಾಯಿಲೆ ರಜೆಯ ಹಣದ ವಿಷಯದಲ್ಲಿ ಎಲ್ಲರೂ ಸಿಟ್ಟಾಗುವುದು ಇದಕ್ಕೇ. ಡಾಕ್ಟರ್ ರೆಸ್ಟ್ ಬರೆದುಕೊಟ್ಟರೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಆದರೆ ಈ ತಿಂಗಳ ಕಾಯಿಲೆಗೆ ಈ ತಿಂಗಳು ಕಟ್ಟಿದ ಹಣ ನೋಡುವುದಿಲ್ಲ, ಹಿಂದಿನ ಅವಧಿಯದನ್ನು ನೋಡುತ್ತಾರೆ. ಗಾರ್ಮೆಂಟ್ಸ್‌ನ ಒಬ್ಬ ಹೆಣ್ಣುಮಗಳು ಮೇ ತಿಂಗಳಲ್ಲಿ ಊರಿಗೆ ಹೋಗಿ ನವೆಂಬರ್‌ನಲ್ಲಿ ಮತ್ತೆ ಕೆಲಸಕ್ಕೆ ಸೇರಿದಳು. ಮಾರ್ಚ್‌ನಲ್ಲಿ ಟೈಫಾಯ್ಡ್. "ನಾಲ್ಕು ತಿಂಗಳಿಂದ ಹಿಡಿತಾ ಇದಾರಲ್ಲ ಅಣ್ಣ, ದುಡ್ಡು ಯಾಕಿಲ್ಲ?" ಅಂತ ಕೇಳಿದಳು. ಮಾರ್ಚ್ ತಿಂಗಳಿಗೆ ನೋಡುವುದು ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್. ಅದರಲ್ಲಿ ಅವಳದು ಏಪ್ರಿಲ್ ಒಂದೇ ತಿಂಗಳು, 78 ದಿನ ಎಲ್ಲಿಂದ ಬರಬೇಕು? ಈಗ ಕೆಲಸದಲ್ಲಿದ್ದು ಹಣ ಕಟ್ಟುತ್ತಿದ್ದರಿಂದ ಚಿಕಿತ್ಸೆ, ಔಷಧಿ ಸಿಕ್ಕಿತು. ರಜೆಯ ಹಣ ಸಿಗಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದಳು, ಅದೇ ತೊಂದರೆ.

ಇಎಸ್‌ಐಗೆ ಹೊಸದಾಗಿ ಸೇರಿದವರಿಗೆ ಸಾಮಾನ್ಯ ಚಿಕಿತ್ಸೆ ಮೊದಲ ದಿನದಿಂದಲೇ ಉಂಟು. ಕಾಯಿಲೆ ರಜೆಯ ಹಣ ಮಾತ್ರ ಸೇರಿದ ದಿನದಿಂದ ಒಂಬತ್ತು ತಿಂಗಳ ಮೇಲೆ. ಫೆಬ್ರುವರಿ 1ಕ್ಕೆ ಸೇರಿದವನಿಗೆ ನವೆಂಬರ್ 1ರಿಂದ. ಹಾಗಂತ ಆಪರೇಷನ್ ಮುಂದೂಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದು ಡಾಕ್ಟರ್ ಹೇಳಬೇಕಾದ ಮಾತು. ಹೃದಯ, ಕ್ಯಾನ್ಸರ್ ಥರದ ದೊಡ್ಡ ಚಿಕಿತ್ಸೆಗಳಿಗೆ ಬೇರೆ ಷರತ್ತುಗಳಿವೆ, ಅವನ್ನು ಇಎಸ್‌ಐ ಬ್ರಾಂಚ್ ಆಫೀಸಿನಲ್ಲೇ ಕೇಳಿ.

"ಸಾರ್, ಇದು ಎಷ್ಟು ಲಕ್ಷದ ಪಾಲಿಸಿ?" ಇದು ಇನ್ನೊಂದು ಪ್ರಶ್ನೆ. ಇದು ಪಾಲಿಸಿಯೇ ಅಲ್ಲ. ಇಷ್ಟು ಲಕ್ಷದವರೆಗೆ ಅನ್ನುವ ಮಿತಿ ಇಲ್ಲ. ನಿಮ್ಮ ವಯಸ್ಸೆಷ್ಟು, ಶುಗರ್ ಇದೆಯಾ ಅಂತ ಕೇಳಿ ಹಣ ಜಾಸ್ತಿ ಮಾಡುವುದೂ ಇಲ್ಲ. ಸಂಬಳದ ಶೇ. 0.75 ಕಾರ್ಮಿಕರದು, ಶೇ. 3.25 ಮಾಲೀಕರದು. 2019ರ ಜುಲೈಗೆ ಮುಂಚೆ ಇದು 1.75 ಮತ್ತು 4.75 ಇತ್ತು. 18 ಸಾವಿರ ಸಂಬಳದವನ ಪಾಲು 135 ರೂಪಾಯಿ, ಮಾಲೀಕರದು 585. ಮಾಲೀಕರ ಪಾಲನ್ನು ಕಾರ್ಮಿಕನ ಸಂಬಳದಲ್ಲಿ ಹಿಡಿಯುವಂತಿಲ್ಲ. ಕೆಲವರು ಸಿಟಿಸಿ (ಕಂಪನಿಗೆ ತಗಲುವ ಒಟ್ಟು ಖರ್ಚು) ಹೆಸರಲ್ಲಿ ಏನೇನೋ ಮಾಡುತ್ತಾರೆ, ಆ ಜಗಳಕ್ಕೆ ಈಗ ಹೋಗುವುದಿಲ್ಲ. ಹೀಗೆ ಸೇರಿದ ಹಣವೇ ಎಲ್ಲರ ಚಿಕಿತ್ಸೆಗೆ ಹೋಗುತ್ತದೆ. ರಾಜ್ಯ ಸರ್ಕಾರ ನಡೆಸುವ ಡಿಸ್ಪೆನ್ಸರಿಗಳ ಖರ್ಚಿನಲ್ಲಿ ಎಂಟರಲ್ಲಿ ಏಳು ಪಾಲು ಇಎಸ್‌ಐ ನಡೆಸುವ ನಿಗಮದ್ದು, ಒಂದು ಪಾಲು ರಾಜ್ಯದ್ದು. ಕಡಿಮೆ ಕಟ್ಟಿದವನಿಗೂ ಜಾಸ್ತಿ ಕಟ್ಟಿದವನಿಗೂ ಒಂದೇ ಚಿಕಿತ್ಸೆ.

ಕ್ಯೂ ಉದ್ದ ಇರುತ್ತದೆ, ಒಪ್ಪುತ್ತೇನೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಸೋಮವಾರ ಬೆಳಿಗ್ಗೆ ಹೋದವರಿಗೆ ನಾನೇನೂ ಹೇಳಬೇಕಿಲ್ಲ. ಆದರೆ ತಿಂಗಳಿಗೆ 135 ರೂಪಾಯಿಗೆ ಹೆಂಡತಿ, ಮಕ್ಕಳು, ತಮ್ಮನ್ನೇ ನಂಬಿಕೊಂಡ ತಂದೆ ತಾಯಿ ಎಲ್ಲರೂ ಸೇರುವ ಇನ್ನೊಂದು ಏರ್ಪಾಡು ಇದ್ದರೆ ತೋರಿಸಿ, ನಾನೂ ಸೇರುತ್ತೇನೆ.

ಮಾಲೀಕರಿಗೂ ಒಂದು ಮಾತು. ಮೂರು ತಿಂಗಳು ಕೆಲಸ ನೋಡಿ ಆಮೇಲೆ ಇಎಸ್‌ಐಗೆ ಸೇರಿಸೋಣ ಅನ್ನುವ ಅಭ್ಯಾಸ ಬಿಡಿ. ಸೇರಿದ 10 ದಿನದೊಳಗೆ ರಿಜಿಸ್ಟರ್ ಮಾಡಬೇಕು. ಪ್ರೆಸ್ ಮಷಿನ್‌ಗೆ ಬೆರಳು ಸಿಕ್ಕ ಮೇಲೆ ನನಗೆ ಫೋನ್ ಮಾಡಿ "ನಿನ್ನೆ ತಾರೀಖು ಹಾಕಿ ಒಂದು ಐಪಿ ನಂಬರ್ ತೆಗೀರಿ" ಅನ್ನುವವರಿದ್ದಾರೆ. ಐಪಿ ನಂಬರ್ ಅಂದರೆ ಇಎಸ್‌ಐನಲ್ಲಿ ಕಾರ್ಮಿಕನ ವಿಮಾ ನಂಬರ್. ಅದು ಯಾವಾಗ ಹುಟ್ಟಿತು ಅಂತ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ತನಿಖೆ ಆಗುತ್ತದೆ, ನಾನು ಅದಕ್ಕೆ ಕೈ ಹಾಕುವುದಿಲ್ಲ. ಕೆಲಸದಲ್ಲಿ ಪೆಟ್ಟಾದರೆ 78 ದಿನದ ಷರತ್ತೇ ಇಲ್ಲ, ಮೊದಲ ದಿನ ಸೇರಿದವನಿಗೂ ದಿನಗೂಲಿಯ ಶೇ. 90 ಸಿಗುತ್ತದೆ. ಇಷ್ಟು ಸುಲಭ ಇರುವಾಗ ಮುಚ್ಚಿಡುವುದು ಯಾಕೋ ನನಗಂತೂ ಅರ್ಥವಾಗಿಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ 'ವೇತನ' ಅಂದರೆ ಏನೇನು ಸೇರುತ್ತದೆ ಅನ್ನುವುದು ಬದಲಾಗಿದೆ. ಹಾಗಾಗಿ 21 ಸಾವಿರದ ಗಡಿಯ ಆಸುಪಾಸಿನಲ್ಲಿರುವವರು ಹಳೇ ಸಂಬಳದ ಚೀಟಿ ನೋಡಿ ತಾವೇ ತೀರ್ಮಾನ ಮಾಡಬೇಡಿ. ಭತ್ಯೆಗಳನ್ನು ಬಿಡಿಸಿ ಲೆಕ್ಕ ಹಾಕಿಸಿ. ಕಾರ್ಮಿಕರು ಪೋರ್ಟಲ್‌ನಲ್ಲಿ ತಮ್ಮ ಐಪಿ ನಂಬರ್ ಹಾಕಿ ಲಾಗಿನ್ ಆದರೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಏನು ಸೌಲಭ್ಯ ಇದೆ ಅಂತ ಅಲ್ಲೇ ಕಾಣುತ್ತದೆ. ಎಚ್‌ಆರ್ ಹೇಳಿದ್ದಕ್ಕಿಂತ ಅದನ್ನು ನಂಬಿ.

ನಿವೃತ್ತರಾಗುವವರು ಇನ್ನೊಂದು ವಿಷಯ ಕೇಳಿಕೊಳ್ಳಿ. ಕನಿಷ್ಠ ಐದು ವರ್ಷ ಇಎಸ್‌ಐನಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ನಮ್ಮ ಒಂದು ಫ್ಯಾಕ್ಟರಿಯ ಹಳೇ ಸ್ಟೋರ್‌ಕೀಪರ್ ಪ್ರತಿ ವರ್ಷ ತಪ್ಪದೆ ಕಟ್ಟುತ್ತಾರೆ. ಅವರ ಜೊತೆಗೇ ನಿವೃತ್ತರಾದ ಉಳಿದವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅರ್ಜಿಯನ್ನು ಬ್ರಾಂಚ್ ಆಫೀಸಿನಲ್ಲಿ ಕೇಳಿ, ಕೊಡುತ್ತಾರೆ.