ಮನೆ ಸರಿಯಾಗಿ ಎಣಿಸಿದರೂ ಉತ್ತರ ಯಾಕೆ ತಪ್ಪುತ್ತದೆ?

ಪ್ರಶ್ನೆ: ನಮ್ಮ ಮಗಳು ನಾಲ್ಕನೇ ತರಗತಿ. ಸ್ತಂಭಾಲೇಖ (ಬಾರ್ ಗ್ರಾಫ್) ಕೊಟ್ಟರೆ ಕಂಬದ ಮನೆಗಳನ್ನು, ಅಂದರೆ ಚೌಕಗಳನ್ನು, ಒಂದೂ ಬಿಡದೆ ಎಣಿಸುತ್ತಾಳೆ. ಆದರೂ ಅರ್ಧ ಉತ್ತರ ತಪ್ಪಾಗುತ್ತದೆ. ಏನು ಮಾಡಬೇಕು?

ಉತ್ತರ: ಎಣಿಸುವುದನ್ನು ಬಿಡಿಸಿ.

ಹಿಂದೆ ಒಮ್ಮೆ ಇಷ್ಟೇ ಹೇಳಿ ಸುಮ್ಮನಾಗಿದ್ದೆ. ಅದೇ ಪ್ರಶ್ನೆ ಮತ್ತೆ ಮತ್ತೆ ಬಂತು. ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ತೊಂದರೆ ಇರುವುದು "ಒಂದು ಮನೆ ಅಂದರೆ ಒಂದು" ಅನ್ನುವ ನಂಬಿಕೆಯಲ್ಲಿ. ಇದು ಮಕ್ಕಳ ತಲೆಗೆ ತಾನಾಗಿ ಬಂದದ್ದಲ್ಲ, ನಾವೇ ತುಂಬಿದ್ದು. ಮೊದಮೊದಲು ಕೊಡುವ ಆಲೇಖಗಳಲ್ಲಿ ಒಂದು ಮನೆ ನಿಜಕ್ಕೂ ಒಂದೇ ಆಗಿರುತ್ತದೆ. "ಎಣಿಸು ಪುಟ್ಟಾ" ಅನ್ನುತ್ತೇವೆ. ಎಣಿಸುತ್ತದೆ, ಸರಿಯಾಗುತ್ತದೆ, ಶಭಾಷ್ ಅನ್ನುತ್ತೇವೆ. ಮುಂದಿನ ವರ್ಷ ಸ್ಕೇಲ್ (ಒಂದು ಮನೆಗೆ ಎಷ್ಟು ಅನ್ನುವ ಲೆಕ್ಕ) ಬದಲಾಗುತ್ತದೆ, ಅಭ್ಯಾಸ ಬದಲಾಗುವುದಿಲ್ಲ.

ಒಂದು ಚಿಕ್ಕ ಕೋಷ್ಟಕ ತೆಗೆದುಕೊಳ್ಳಿ. ಯಾವ ಬಣ್ಣ ಇಷ್ಟ ಅಂತ ಮಕ್ಕಳನ್ನು ಕೇಳಿದ್ದೇವೆ: ನೀಲಿ 18, ಕೆಂಪು 12, ಹಸಿರು 6. ಒಂದು ಮನೆಗೆ 1 ಅಂತ ಬರೆದರೆ ಕಂಬಗಳು 18, 12, 6 ಮನೆ ಎತ್ತರ. ಒಂದು ಮನೆಗೆ 2 ಅಂದರೆ 9, 6, 3. ಒಂದು ಮನೆಗೆ 6 ಅಂದರೆ ಬರೀ 3, 2, 1. ಕಂಬ ಗಿಡ್ಡವಾಯಿತು ಅಂತ ಮಕ್ಕಳೇನು ಎದ್ದು ಹೋದರಾ? ಇಲ್ಲ ತಾನೇ. ಈಗ ಒಂದು ಮನೆಗೆ 4 ಇಟ್ಟುಕೊಳ್ಳಿ. ನೀಲಿ ಕಂಬ ನಾಲ್ಕೂವರೆ ಮನೆಗೆ ನಿಲ್ಲುತ್ತದೆ. "ನಾಲ್ಕೂವರೆ ಮಕ್ಕಳಿಗೆ ನೀಲಿ ಇಷ್ಟ" ಅಂತ ಬರೆದ ಉತ್ತರ ನಾನು ಕಣ್ಣಾರೆ ನೋಡಿದ್ದೇನೆ. ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಆ ಮಗು ಹೇಳಿಕೊಟ್ಟದ್ದನ್ನೇ ಮಾಡಿತ್ತು.

ಈ ನಂಬಿಕೆ ಸಾಯದೆ ಉಳಿದದ್ದಕ್ಕೆ ಇನ್ನೊಂದು ಕಾರಣ ಇದೆ. ಸುಮಾರು ಪ್ರಶ್ನೆಗಳಿಗೆ ಅದರಿಂದ ಸರಿ ಉತ್ತರವೇ ಬರುತ್ತದೆ! ಯಾವ ಬಣ್ಣ ಎಲ್ಲಕ್ಕಿಂತ ಜಾಸ್ತಿ? ಮನೆ ಎಣಿಸಿದರೂ ನೀಲಿ. ನೀಲಿ ಹಸಿರಿನ ಎಷ್ಟು ಪಟ್ಟು? ಒಂದು ಮನೆಗೆ 6 ಇದ್ದ ಆಲೇಖದಲ್ಲಿ ಮೂರು ಮನೆ, ಒಂದು ಮನೆ, ಅಂದರೆ ಮೂರು ಪಟ್ಟು. ಅದೂ ಸರಿ. ಎಡವುವುದು "ಎಷ್ಟು", "ಎಷ್ಟು ಜಾಸ್ತಿ", "ಒಟ್ಟು ಎಷ್ಟು" ಅಂತ ಕೇಳಿದಾಗ. ಅದೇ ಆಲೇಖದಲ್ಲಿ ನೀಲಿ ಹಸಿರಿಗಿಂತ ಎಷ್ಟು ಜಾಸ್ತಿ ಅಂದರೆ ಮಗು 2 ಅನ್ನುತ್ತದೆ, ಉತ್ತರ 12. ನಿಮ್ಮ ಮಗಳ ಅರ್ಧ ಉತ್ತರ ಮಾತ್ರ ತಪ್ಪುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಾದರೆ ಮಾಡಬೇಕಾದ್ದೇನು? ಕಂಬದ ತುದಿಗೆ ಸ್ಕೇಲ್‌ಪಟ್ಟಿ ಅಡ್ಡ ಇಟ್ಟು, ಎಡಗಡೆ ಬರೆದ ಸಂಖ್ಯೆ ಓದಿಸಿ. ಎರಡು ಸಂಖ್ಯೆಗಳ ನಡುವೆ ನಿಂತರೆ, ಆ ಎರಡರ ಮಧ್ಯೆ ಎಷ್ಟಿದೆ ಅಂತ ಮೊದಲು ಕೇಳಿ. ಹಾಗೇ ಕೆಳಗೆ ಸೊನ್ನೆ ಇದೆಯಾ ಅಂತಲೂ ನೋಡಿಸಿ. ಅಕ್ಷ (ಆ ಸಂಖ್ಯೆಗಳಿರುವ ಗೆರೆ) 50ರಿಂದ ಶುರುವಾಗಿದ್ದರೆ 52ರ ಕಂಬಕ್ಕಿಂತ 54ರ ಕಂಬ ಎರಡು ಪಟ್ಟು ಎತ್ತರ ಕಾಣುತ್ತದೆ. ಇದಕ್ಕೆ ದೊಡ್ಡವರೂ ಬೀಳುತ್ತಾರೆ.

ಕೋಷ್ಟಕದ ಬಗ್ಗೆ ಒಂದೇ ಮಾತು. ಕೊನೆಯ "ಒಟ್ಟು" ಸಾಲನ್ನೂ ಸೇರಿಸಿ ಕೂಡಬೇಡಿ. 36 ಬರಬೇಕಾದಲ್ಲಿ 72 ಬಂದರೆ ಅಲ್ಲೇ ಹುಡುಕಿ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಕಂಬ ಅಡ್ಡ ಮಲಗಿದ್ದರೂ ಅದು ಸ್ತಂಭಾಲೇಖವೇ. ಮಕ್ಕಳು ಅದನ್ನು ನೋಡಿದ ಕೂಡಲೇ ಗಾಬರಿಯಾಗುತ್ತಾರೆ. ಸಂಖ್ಯೆಗಳು ಪಕ್ಕದಲ್ಲಿರುವುದರ ಬದಲು ಕೆಳಗೋ ಮೇಲೋ ಇರುತ್ತವೆ, ಅಷ್ಟೇ. ಅಸಲಿಗೆ ಮಲಗಿದ ಕಂಬವೇ ಹಿರಿಯಣ್ಣ. ಮೊದಲ ಸ್ತಂಭಾಲೇಖ ಅಂತ ಸಾಮಾನ್ಯವಾಗಿ ತೋರಿಸುವುದು ಸ್ಕಾಟ್ಲೆಂಡಿನ ಲೇಖಕ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಚಿತ್ರವನ್ನು. ಸ್ಕಾಟ್ಲೆಂಡ್ 17 ದೇಶ-ಪ್ರದೇಶಗಳ ಜೊತೆ ನಡೆಸಿದ ಆಮದು, ರಫ್ತು ಅದರಲ್ಲಿದೆ. ಕಂಬಗಳೆಲ್ಲ ಅಡ್ಡಡ್ಡ. ಅವನ ಕೈಯಲ್ಲಿ ಇದ್ದದ್ದು ಒಂದೇ ವರ್ಷದ ಲೆಕ್ಕ. ವರ್ಷದಿಂದ ವರ್ಷಕ್ಕೆ ಏರಿಳಿಯುವ ಗೆರೆ ಎಳೆಯಲು ಅದು ಸಾಲದು, ಅದಕ್ಕೇ ಕಂಬ ಹಾಕಿದ. ತನ್ನ ಗೆರೆ ನಕ್ಷೆಗಳ ಮುಂದೆ ಇದು ಅಷ್ಟೇನೂ ಪ್ರಯೋಜನವಿಲ್ಲ ಅಂತ ತಾನೇ ಬರೆದುಕೊಂಡ. ಆದರೆ ಚಿತ್ರದ ಕೆಳಗೆ ಒಂದು ಸಾಲು ಸೇರಿಸಲು ಮರೆಯಲಿಲ್ಲ: ಒಂದೊಂದು ಮನೆಗೂ ಹತ್ತು ಸಾವಿರ ಪೌಂಡ್.